ಚೀಲ ಯಾರದ್ದು?

ಜನವರಿ ಕೊನೆಯ ವಾರ. ಸುಂಟಿಕೊಪ್ಪದ ಮನೆಯಿಂದ ಕುಶಾಲನಗರದ ಬಸ್ಸು ಹತ್ತುವಾಗ ನನ್ನ ಕಂಕುಳಲ್ಲಿ ಸುರುಳಿ ಸುತ್ತಿದ ಎ3 ಹಾಳೆ ಇತ್ತು. ಅಲ್ಲಿನ ಒಂದು ಕಾಫಿ ಗೋದಾಮಿಗೆ ನಮ್ಮ ತಂಡ ಸಾಫ್ಟ್‌ವೇರ್ ಬರೆಯುತ್ತಿತ್ತು. ನಾನು ಊರಿನಲ್ಲಿ, ಉಳಿದ ನಾಲ್ವರು ಬೆಂಗಳೂರಿನಲ್ಲಿ. ಎಲ್ಲರಿಗೂ ಅರ್ಥವಾಗಲಿ ಅಂತ ಮೂರು ವಾರ ಕೂತು ಇಡೀ ವ್ಯವಸ್ಥೆಯನ್ನು ಒಂದೇ ಕ್ಲಾಸ್ ಡಯಾಗ್ರಾಂನಲ್ಲಿ ತುಂಬಿಸಿದ್ದೆ. ಅದರಲ್ಲಿ ಡಬ್ಬಿ ಅಂದರೆ ಒಂದು ಬಗೆಯ ವಸ್ತು, ಗೆರೆ ಅಂದರೆ ಅವುಗಳ ನಡುವಿನ ಸಂಬಂಧ. 43 ಡಬ್ಬಿಗಳು. ಗೆರೆಗಳನ್ನು ಎಣಿಸುವ ಧೈರ್ಯ ಮಾಡಿರಲಿಲ್ಲ. ಹೆಮ್ಮೆಯಂತೂ ಇತ್ತು.

ಹೋಗಬೇಕಾಗಿ ಬಂದದ್ದು ಒಂದು ಜಗಳದಿಂದ. ಪ್ರಯೋಗಕ್ಕೆ ಹಾಕಿದ ಮೊದಲ ವಾರದಲ್ಲೇ ಬೆಳೆಗಾರರೊಬ್ಬರು ಗೋದಾಮಿಗೆ ಫೋನ್ ಮಾಡಿ, 'ನಾನು ಕಾಫಿ ಮಾರಿಯೇ ಇಲ್ಲ, ಬಿಲ್ ಯಾಕೆ ಬಂತು?' ಅಂತ ಕೂಗಾಡಿದ್ದರು. ಬೆಂಗಳೂರಿನ ಹುಡುಗರನ್ನು ಕೇಳಿದರೆ, 'ಡಯಾಗ್ರಾಂನಲ್ಲಿ ಇದ್ದದ್ದನ್ನೇ ಮಾಡಿದ್ದೇವೆ ಸಾರ್' ಅಂದರು. ಅದೂ ನಿಜವೇ.

ಬಸ್‌ಸ್ಟ್ಯಾಂಡಿನ ಪಕ್ಕ ಜೆರಾಕ್ಸ್ ಮಾಡಿಸಿದೆ. ಅಲ್ಲೇ ಮೊದಲ ಪೆಟ್ಟು. ಹಣಕ್ಕೆ ಕೆಂಪು, ಸರಕಿಗೆ ಹಸಿರು ಅಂತ ನಾನು ಬಣ್ಣ ಕೊಟ್ಟಿದ್ದೆ. ಪ್ರತಿಯಲ್ಲಿ ಎರಡೂ ಒಂದೇ ಬೂದಿ. ಸಾಫ್ಟ್‌ವೇರ್‌ನ ಇಂಥ ಚಿತ್ರಗಳಿಗಿರುವ ಮಾನಕ ಭಾಷೆಯಾದ ಯುಎಂಎಲ್‌ನಲ್ಲಿ ಗೆರೆಯ ತುದಿಯ ಖಾಲಿ ವಜ್ರಕ್ಕೂ ತುಂಬಿದ ವಜ್ರಕ್ಕೂ ಅರ್ಥ ಬೇರೆ. ತುಂಬಿದ್ದರೆ, ಇಡಿಯದು ಹೋದಾಗ ಅದರೊಳಗಿನ ಭಾಗವೂ ಹೋಗುತ್ತದೆ. ಟೋನರ್ ಹರಡಿ ನನ್ನ ಖಾಲಿ ವಜ್ರಗಳೆಲ್ಲ ಕಪ್ಪಾಗಿದ್ದವು. ನಕ್ಕುಬಿಡಬಹುದಿತ್ತು. ಆದರೆ ಹಿಂದಿನ ವಾರವಷ್ಟೇ ಒಬ್ಬ ಹುಡುಗ ಅದೇ ವಜ್ರವನ್ನು ತಪ್ಪಾಗಿ ಓದಿದ್ದ. ಲಾಟ್ (ಒಟ್ಟಿಗೆ ಲೆಕ್ಕ ಹಿಡಿದ ಚೀಲಗಳ ಗುಂಪು) ರದ್ದು ಮಾಡಿದ ಕೂಡಲೇ ಅದರ ಚೀಲಗಳೂ ಲೆಕ್ಕದಿಂದ ಮಾಯವಾಗಿದ್ದವು. ಚೀಲಗಳು ಮಾತ್ರ ಗೋದಾಮಿನಲ್ಲಿ ಅಟ್ಟಿಕಟ್ಟಿಕೊಂಡು ಹಾಗೆಯೇ ಕೂತಿದ್ದವು. ಅರ್ಥವನ್ನೆಲ್ಲ ಅಕ್ಕಿಕಾಳಿನಷ್ಟು ಗುರುತಿನಲ್ಲಿ ಬಚ್ಚಿಟ್ಟು, ಓದಿದವನಿಗೆ ಬೈಯುವುದು ಯಾವ ನ್ಯಾಯ?

ತೂಕದ ಯಂತ್ರದ ಪಕ್ಕದ ಮೇಜಿನ ಮೇಲೆ ಹಾಳೆ ಹರಡಿದೆ. ಅಲ್ಲಿ ಲೆಕ್ಕ ಬರೆಯುವ ರೈಟರಿಗೆ ಅರುವತ್ತು ದಾಟಿದೆ. ಕನ್ನಡಕ ಮೂಗಿನ ತುದಿಗಿಳಿಸಿ ನೋಡಿದರು.

'ಇದೇನು ಮಾರಾಯ್ರೆ, ಸಿಲ್ವರ್ ಮರಕ್ಕೆ ಕರಿಮೆಣಸು ಹಬ್ಬಿದ ಹಾಗುಂಟು. ಬುಡ ಎಲ್ಲಿ, ಅದನ್ನು ತೋರಿಸಿ.'

ಬುಡ ಎಲ್ಲೂ ಇರಲಿಲ್ಲ. 'ಬೆಳೆಗಾರ'ದಿಂದ 'ಚೀಲ'ಕ್ಕೆ ಹೋದ ಗೆರೆಯ ಮೇಲೆ ಅವರು ಬೆರಳಿಟ್ಟರು.

'ಈ ಗೆರೆ ಏನು ಹೇಳ್ತದೆ?'

'ಸಂಬಂಧ, ರೈಟ್ರೇ.'

'ಎಂಥ ಸಂಬಂಧ? ತಂದದ್ದಾ, ಇಟ್ಟದ್ದಾ, ಮಾರಿದ್ದಾ?'

ನನ್ನ ಬಳಿ ಉತ್ತರವಿರಲಿಲ್ಲ. ಅವರು ಒಂದು ತೂಕದ ಚೀಟಿ ಮಗುಚಿ, ಬೆನ್ನಿನಲ್ಲಿ ಪೆನ್ನಿನಿಂದ ಬರೆಯತೊಡಗಿದರು. ಚೀಲ ಬಂತು. ತೂಗಿದ್ದಾಯಿತು. ಸ್ಯಾಂಪಲ್ ತೆಗೆದು ತೇವಾಂಶ ನೋಡಿದರು, ಓಟಿ ನೋಡಿದರು (50 ಕಿಲೋ ಚೆರ್ರಿಯಿಂದ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಹಣ್ಣಿನಿಂದ, ಎಷ್ಟು ಕಿಲೋ ಬೇಳೆ ಬರುತ್ತದೆ ಎಂಬ ಲೆಕ್ಕ, 26 ಬಂದರೆ 'ಓಟಿ 26'). ಚೀಟಿ ಕೊಟ್ಟರು. ಇಷ್ಟಾದರೂ ಕಾಫಿ ಬೆಳೆಗಾರರದ್ದೇ. ರೇಟು ಏರಲಿ ಅಂತ ಅವರು ವಾರ ಕಾಯಬಹುದು, ಹೂಮಳೆ ಬೀಳುವವರೆಗೂ ಕಾಯಬಹುದು. 'ಇವತ್ತಿನ ರೇಟಿಗೆ ಹಾಕಿ' ಅಂತ ಅವರು ಹೇಳಿದ ದಿನವೇ ಮಾರಾಟ.

ನನ್ನ 43 ಡಬ್ಬಿಗಳಲ್ಲಿ ಆ ದಿನಕ್ಕೆ ಜಾಗವೇ ಇರಲಿಲ್ಲ. ತೂಗಿದರೆ ಖರೀದಿ ಅಂತ ಹುಡುಗರು ಓದಿಕೊಂಡದ್ದು ಸಹಜ. ಹೆಸರಿಲ್ಲದ ಗೆರೆಗೆ ಓದುವವನು ತನಗೆ ತೋಚಿದ ಹೆಸರು ಇಡುತ್ತಾನೆ.

ಗ್ರೇಡಿ ಬೂಚ್, ಜೇಮ್ಸ್ ರಂಬಾ, ಐವಾರ್ ಜೇಕಬ್‌ಸನ್ ತಂತಮ್ಮ ಪದ್ಧತಿಗಳನ್ನು ಒಂದುಗೂಡಿಸಿ, 1997ರಲ್ಲಿ ಯುಎಂಎಲ್ ಮಾನಕವಾದಾಗಿನಿಂದ ಅದರಲ್ಲಿ ಚಿತ್ರದ ಬಗೆಗಳು ಹಲವು. ಈಗಿನ ಆವೃತ್ತಿಯಲ್ಲಿ 14. ಇದೆಲ್ಲ ನನಗೆ ಬಾಯಿಪಾಠ. ಒಂದು ವಸ್ತು ಯಾವ ಸ್ಥಿತಿಯಿಂದ ಯಾವ ಸ್ಥಿತಿಗೆ, ಯಾಕೆ ಹೋಗುತ್ತದೆ ಅಂತ ತೋರಿಸಲು ಸ್ಟೇಟ್ ಡಯಾಗ್ರಾಂ ಅಂತಲೇ ಒಂದಿದೆ. ರೈಟರು ಆ ಹೆಸರು ಕೇಳದೆಯೇ ಅದನ್ನು ತೂಕದ ಚೀಟಿಯ ಹಿಂದೆ ಬರೆದು ಕೊಟ್ಟಿದ್ದರು.

ರಾತ್ರಿ ಮನೆಯಲ್ಲಿ ಹೊಸದಾಗಿ ಶುರು ಮಾಡಿದೆ. ಹಳೆಯದನ್ನು ಕತ್ತರಿಸಲಿಲ್ಲ, ಅದನ್ನು ತೆರೆದರೆ ಮೋಹ ಹುಟ್ಟುತ್ತದೆ. ಹಾಳೆಯ ತಲೆಯ ಮೇಲೆ ಮೊದಲು ಪ್ರಶ್ನೆ ಬರೆದೆ: 'ಈ ಚೀಲ ಈಗ ಯಾರದ್ದು?' ಅದಕ್ಕೆ ಉತ್ತರ ಕೊಡದ ಡಬ್ಬಿಗೆ ಒಳಗೆ ಪ್ರವೇಶವಿಲ್ಲ. ಐದು ಉಳಿದವು. ಪ್ರತಿ ಬಾಣದ ಮೇಲೂ ಗೋದಾಮಿನ ಮಾತು: 'ತೂಗಿದರು', 'ರೇಟು ಕಟ್ಟಿದರು', 'ಹಣ ಕೊಟ್ಟರು'. ಗೆರೆ ಗೆರೆಯನ್ನು ದಾಟದ ಹಾಗೆ ಜೋಡಿಸುವುದಕ್ಕೇ ಗಂಟೆ ಹಿಡಿಯಿತು. ಹೆಲೆನ್ ಪರ್ಚೇಸ್ ಎಂಬ ಸಂಶೋಧಕಿ 1997ರಷ್ಟು ಹಿಂದೆಯೇ, ಓದುವವರನ್ನು ಎಲ್ಲಕ್ಕಿಂತ ಹೆಚ್ಚು ಎಡವಿಸುವುದು ಈ ದಾಟುವಿಕೆಯೇ ಅಂತ ಪ್ರಯೋಗ ಮಾಡಿ ತೋರಿಸಿದ್ದರು. ನಾನು ಓದಿ ಮರೆತಿದ್ದೆ. ಬಣ್ಣ ಬಿಟ್ಟೆ. ವಜ್ರದ ಗೊಡವೆ ಈ ಚಿತ್ರಕ್ಕೆ ಬೇಕಾಗಲೇ ಇಲ್ಲ. ಬರೆದದ್ದನ್ನು ಚಿತ್ರವಾಗಿಸುವ ಪ್ಲಾಂಟ್‌ಯುಎಂಎಲ್ ಎಂಬ ಉಪಕರಣದಲ್ಲಿ ಚಿತ್ರವನ್ನು ಅಕ್ಷರವಾಗಿಯೇ ಬರೆದು ಕೋಡಿನ ಜೊತೆ ಇಟ್ಟೆ, ಯಾರು ಏನು ಬದಲಿಸಿದರೂ ಕಾಣಲಿ ಅಂತ.

ಬೆಳಿಗ್ಗೆ ಹುಡುಗರಿಗೆ ಕಳಿಸಿ, ವಿವರಣೆ ಒಂದಕ್ಷರವೂ ಕೊಡದೆ, ಇದನ್ನು ನೀವೇ ನನಗೆ ಓದಿ ಹೇಳಿ ಅಂದೆ. ಓದಿದರು. ಬಿಲ್ಲಿನ ತಪ್ಪನ್ನು ಅವರೇ ಹಿಡಿದರು.

ಎರಡು ದಿನ ಬಿಟ್ಟು ಗೋದಾಮಿಗೆ ಹೋಗಿ ಹೊಸ ಹಾಳೆ ಕೊಟ್ಟೆ. ರೈಟರು ಈ ಬಾರಿ ಕನ್ನಡಕ ಇಳಿಸಲಿಲ್ಲ. ಬೆರಳಿನಿಂದ ಮೊದಲ ಡಬ್ಬಿಯಿಂದ ಕೊನೆಯವರೆಗೆ ಹೋದರು, ಮತ್ತೆ ಹಿಂದೆ ಬಂದು 'ತೇವಾಂಶ ನೋಡಿದರು' ಎಂಬಲ್ಲಿ ನಿಂತರು. ಕಿವಿಯ ಮೇಲಿದ್ದ ಪೆನ್ನು ತೆಗೆದು ಅಲ್ಲಿಂದ ಹಾಳೆಯ ಹೊರಗೇ ಹೋಗುವ ಒಂದು ಬಾಣ ಎಳೆದು, ಅದರ ಮೇಲೆ ಬರೆದರು: 'ಹಸಿ ಉಂಟು, ವಾಪಸ್ ಕಣಕ್ಕೆ.'