ಎದುರು ಸೆಳವಿನಲ್ಲಿ ಒಂದು ಕಿಲೋಮೀಟರಿಗೆ ಎಷ್ಟು ನಿಮಿಷ?

ಹತ್ತನೇ ತರಗತಿಯ ರೇಖಾತ್ಮಕ ಸಮೀಕರಣಗಳ ಪಾಠದ ದೋಣಿ ಲೆಕ್ಕದಲ್ಲಿ ಬೀಜಗಣಿತ ಕೈಕೊಡುವುದು ಕಡಿಮೆ. ಲೆಕ್ಕ ಕೆಡುವುದು ಅದಕ್ಕೂ ಮೊದಲೇ, ಯಾವ ಅಕ್ಷರ ಏನು ಎಂದು ಬರೆಯದೆ ಮುಂದೆ ಓಡಿದಾಗ. ಎಕ್ಸ್, ವೈ ಬದಲು ನಿಶ್ಚಲ ನೀರಿನಲ್ಲಿ ದೋಣಿಯ ಜವಕ್ಕೆ ‘ದ’, ಸೆಳವಿನ ಜವಕ್ಕೆ ‘ಸ’ ಎಂದಿಟ್ಟರೆ ಅರ್ಧ ಗೊಂದಲ ಅಲ್ಲೇ ಹೋಗುತ್ತದೆ. ಸೆಳವಿನ ಜೊತೆ ಹೋದರೆ ದ + ಸ, ಎದುರು ಹೋದರೆ ದ − ಸ.

ಯಾದಗಿರಿ ಪಕ್ಕದ ಭೀಮೆಯಲ್ಲಿ ಒಂದು ಮೋಟಾರು ದೋಣಿ ಸೆಳವಿನ ಜೊತೆ 30 ಕಿ.ಮೀ. ಹೋಗಲು 2 ಗಂಟೆ 30 ನಿಮಿಷ, ಅದೇ ದಾರಿ ತಿರುಗಿ ಬರಲು 3 ಗಂಟೆ 45 ನಿಮಿಷ ಹಿಡಿಯಿತು ಎನ್ನಿ. ಇಲ್ಲಿ 2.30, 3.45 ಎಂದು ಬರೆದವರ ಲೆಕ್ಕ ಮುಗಿದಂತೆಯೇ. ಅವು 2.5 ಮತ್ತು 3.75 ಗಂಟೆ. ಆಗ ದ + ಸ = 12, ದ − ಸ = 8. ಕೂಡಿದರೆ ದ = 10, ಕಳೆದರೆ ಸ = 2. ತಪ್ಪಾಗಿ ಬರೆದವರಿಗೆ 10.87 ಮತ್ತು 2.17 ಬರುತ್ತದೆ. ನೋಡಲು ಸರಿಯೇ ಅನಿಸುತ್ತದೆ, ಅದೇ ಅಪಾಯ.

ಹೋಗಿಬಂದ ಸರಾಸರಿ ಜವ 10 ಅಲ್ಲ. 60 ಕಿ.ಮೀ.ಗೆ 6 ಗಂಟೆ 15 ನಿಮಿಷ, ಅಂದರೆ 9.6. ಎದುರು ಸೆಳವಿನಲ್ಲಿ ದೋಣಿ ಹೆಚ್ಚು ಹೊತ್ತು ಇರುತ್ತದೆ. ಬರುವಾಗ ಕಳೆದುಕೊಂಡದ್ದನ್ನು ಹೋಗುವಾಗಿನ ಲಾಭ ತುಂಬಿಕೊಡುವುದಿಲ್ಲ.

ಮಕ್ಕಳು ಹೆದರುವುದು ಇನ್ನೊಂದು ಬಗೆಗೆ: ದೋಣಿ 16 ಕಿ.ಮೀ. ಎದುರು, 36 ಕಿ.ಮೀ. ಜೊತೆ ಹೋಗಲು ಒಟ್ಟು 5 ಗಂಟೆ. 40 ಎದುರು, 24 ಜೊತೆಗೆ 7 ಗಂಟೆ. ಇಲ್ಲಿ ದ − ಸ ಛೇದದಲ್ಲಿ ಕೂರುತ್ತದೆ. 1/(ದ − ಸ) ಅನ್ನು ‘ಎ’, 1/(ದ + ಸ) ಅನ್ನು ‘ಜ’ ಎನ್ನಿ ಎಂದರೆ ಅದೊಂದು ಕಣ್ಕಟ್ಟಿನಂತೆ ಕೇಳಿಸುತ್ತದೆ. ಆದರೆ ‘ಎ’ಗೆ ಮೈಯಿದೆ: ಎದುರು ಒಂದು ಕಿ.ಮೀ. ಹೋಗಲು ಹಿಡಿಯುವ ಹೊತ್ತು. 16 ಕಿ.ಮೀ.ಗೆ 16ಎ ಗಂಟೆ. ಇಷ್ಟು ತಿಳಿದರೆ ಸಮೀಕರಣ ತಾನೇ ಬರುತ್ತದೆ:

16ಎ + 36ಜ = 5
40ಎ + 24ಜ = 7

ವರ್ಜಿಸುವ ವಿಧಾನವೇ ಹಗುರ. ಮೊದಲನೆಯದನ್ನು 2ರಿಂದ, ಎರಡನೆಯದನ್ನು 3ರಿಂದ ಗುಣಿಸಿ, ಎರಡರಲ್ಲೂ 72ಜ. ಕೆಳಗಿನದರಿಂದ ಮೇಲಿನದನ್ನು ಕಳೆದರೆ 88ಎ = 11, ಎ = 1/8. ಬಲಗಡೆಯ 21ರಿಂದ 10 ಕಳೆಯುವುದನ್ನು ಮರೆಯುವವರು ಬಹಳ. ಎ ಬೆಲೆ ಹಾಕಿದರೆ 36ಜ = 3, ಜ = 1/12.

1/8 ಗಂಟೆ ಅಂದರೆ ಏಳೂವರೆ ನಿಮಿಷ, 1/12 ಅಂದರೆ ಐದು ನಿಮಿಷ. ಎದುರಿಗೆ ಹೆಚ್ಚು ಹೊತ್ತು ಬಂತು, ಸರಿ. ಕಡಿಮೆ ಬಂದಿದ್ದರೆ ಎಲ್ಲೋ ಅದಲುಬದಲಾಗಿದೆ, ಮುಂದೆ ಹೋಗಬೇಡಿ. ಇಲ್ಲಿಗೇ ಪೆನ್ನು ಇಡಲೂಬೇಡಿ: ತಲೆಕೆಳಗು ಮಾಡಿ ದ − ಸ = 8, ದ + ಸ = 12 ಬರೆದು ದ = 10, ಸ = 2 ತನಕ ಬರಬೇಕು. ಇದು ಮೊದಲಿನ ದೋಣಿಯೇ. ತಾಳೆ ನೋಡಲು 40/8 + 24/12 = 5 + 2 = 7.

ಸೆಳವು ಉದ್ದಕ್ಕೂ ಒಂದೇ, ಎಂಜಿನ್ ಜೋರೂ ಒಂದೇ ಎಂದು ಲೆಕ್ಕ ಒಪ್ಪಿಕೊಂಡಿರುತ್ತದೆ. ಮಳೆಗಾಲದ ಹೊಳೆ ಹಾಗಿರುವುದಿಲ್ಲ, ಇರಲಿ.

ಹರಿಗೋಲಿನಲ್ಲಿ ಅಡ್ಡ ದಾಟುವ ಲೆಕ್ಕಕ್ಕೆ ಮಾತ್ರ ಈ ಕೂಡು-ಕಳೆ ನಡೆಯದು. ಹೊಳೆ 400 ಮೀಟರ್ ಅಗಲ, ಹುಟ್ಟಿನ ಜವ ಗಂಟೆಗೆ 2 ಕಿ.ಮೀ., ಸೆಳವು 3 ಕಿ.ಮೀ. ಎಂದಿಟ್ಟುಕೊಳ್ಳಿ. ನೇರ ಆಚೆ ದಡಕ್ಕೆ ಹುಟ್ಟು ಹಾಕಿದರೆ 12 ನಿಮಿಷ. ಅಷ್ಟರಲ್ಲಿ ಹರಿಗೋಲು 600 ಮೀಟರ್ ಕೆಳಗೆ ಹೋಗಿ ದಡ ಮುಟ್ಟುತ್ತದೆ. ಹರಿಗೋಲನ್ನು ದಡದಗುಂಟ ಮೇಲಕ್ಕೆ ಒಯ್ದು ಅಲ್ಲಿಂದ ಬಿಡುವುದು ಇದಕ್ಕೇ.