ಹೂವಿನ ಮೂಟೆಯೂ ಹಿಂದಿನ ಲೈಟೂ

ಬೆಳಗ್ಗೆ 10 ಗಂಟೆಯ ಮೇಲೆ ನಾನು ಚಿಕ್ಕಬಳ್ಳಾಪುರ ಟೌನಿನ ಒಂದು ಕಾಲೇಜಿನಲ್ಲಿ ಗುಮಾಸ್ತ. ಅದಕ್ಕೆ ಮುಂಚೆ ಹೂವಿನವನು. ಗೌರಿಬಿದನೂರು ರಸ್ತೆಯಲ್ಲಿ ಹೋಗಿ ಒಳಗೆ ತಿರುಗಿದರೆ ನಮ್ಮೂರು. ಅಪ್ಪ ಮುಕ್ಕಾಲು ಎಕರೆಯಲ್ಲಿ ಸೇವಂತಿಗೆ ಹಾಕುತ್ತಾರೆ. ಹಬ್ಬದ ಹಿಂದೆಮುಂದೆ ಆದರೆ ರಾತ್ರಿ 2 ಗಂಟೆಗೇ ಎದ್ದು ತಲೆಗೆ ಟಾರ್ಚು ಕಟ್ಟಿಕೊಂಡು ಹೂ ಕೀಳಬೇಕು. ನಾಲ್ಕೂವರೆಗೆ ಮೂಟೆ ಕಟ್ಟಿ ಮಾರ್ಕೆಟ್ಟಿಗೆ ಹೊರಡಬೇಕು. ಹೊರಡೋದು ನಾನು, ನಮ್ಮ ಟಿವಿಎಸ್ ಎಕ್ಸೆಲ್ ಮೊಪೆಡ್ ಮೇಲೆ. ಹುಲ್ಲಿನ ಹೊರೆ, ಹಾಲಿನ ಕ್ಯಾನು, ಒಂದೊಂದು ಸಲ ಮೇಕೆ, ಎಲ್ಲವನ್ನೂ ಹೊತ್ತಿರೋ ಗಾಡಿ ಅದು. ಹೂವು ಅದಕ್ಕೆ ಲೆಕ್ಕಕ್ಕೇ ಇಲ್ಲ.

ಆದರೆ ಹೂವಿನದೇ ಒಂದು ತೊಂದರೆ ಇದೆ. ತೂಕ ಕಡಿಮೆ, ಗಾತ್ರ ಜಾಸ್ತಿ. ಒಂದು ಮೂಟೆ ಸೇವಂತಿಗೆ ಇಟ್ಟರೆ ಕ್ಯಾರಿಯರ್ ತುಂಬಿ ಎರಡೂ ಕಡೆ ಇಳಿಬಿದ್ದು, ಹಿಂದಕ್ಕೂ ಒಂದು ಮೊಳ ಚಾಚುತ್ತದೆ. ಗಾಡಿ ಹಗುರ ಇರೋದರಿಂದ ಹಿಂದೆ ಏನಾಗಿದೆ ಅಂತ ಓಡಿಸುವವನಿಗೆ ಗೊತ್ತೇ ಆಗುವುದಿಲ್ಲ.

ಕಳೆದ ಡಿಸೆಂಬರಿನಲ್ಲಿ ಒಂದು ಬೆಳಗ್ಗೆ ಮಂಜು ಬಿದ್ದಿತ್ತು. ನಂದಿ ಬೆಟ್ಟದ ಮಂಜು ನೋಡೋಕೆ ಜನ ಬೆಂಗಳೂರಿನಿಂದ ಬರುತ್ತಾರೆ. ನಮಗೆ ಅದು ಮುಖಕ್ಕೆ ಒದ್ದೆ ಬಟ್ಟೆ ಹೊದಿಸಿದ ಹಾಗೆ. ನಾನು ನಿಧಾನವಾಗಿ, ಇಪ್ಪತ್ತೈದರಲ್ಲೋ ಮೂವತ್ತರಲ್ಲೋ ಹೋಗುತ್ತಿದ್ದೆ. ಹಿಂದಿನಿಂದ ಒಂದು ಟೆಂಪೋ ಬ್ರೇಕು ಒತ್ತಿದ ಸದ್ದು ಬಂತು. ಆ ಸದ್ದು ಎಷ್ಟು ಹೊತ್ತು ಕೇಳಿಸಿತು ಅಂದರೆ, ನಾನು ಹ್ಯಾಂಡಲ್ ಹಿಡಿದುಕೊಂಡೇ ಕಣ್ಣು ಮುಚ್ಚಿದ್ದೆ. ಟೆಂಪೋ ನನ್ನ ಬಲಕ್ಕೆ ಹಾದು, ರೋಡಿನ ಆ ಕಡೆ ಮಣ್ಣಿಗಿಳಿದು ನಿಂತಿತು. ಡ್ರೈವರ್ ಇಳಿದು ಬಂದ. ಸಣ್ಣ ಹುಡುಗ, ಕೈ ನಡುಗುತ್ತಿತ್ತು.

"ಏನಣ್ಣ, ಹಿಂದೆ ಲೈಟೇ ಇಲ್ವಲ್ಲ! ಸಾಯ್ಬೇಕು ಅಂತಿದ್ರೆ ನನ್ ಗಾಡೀನೇ ಸಿಕ್ತಾ?"

"ಇದೆಯಲ್ಲಪ್ಪಾ, ನಿನ್ನೆ ತಾನೆ ಬಲ್ಬ್ ಹಾಕ್ಸಿದೀನಿ" ಅಂದೆ. ಅವನು ಮಾತಾಡದೆ ನನ್ನ ಕೈ ಹಿಡಿದು ಗಾಡಿಯ ಹಿಂದಕ್ಕೆ ಕರೆದುಕೊಂಡು ಹೋದ. ಬಲ್ಬ್ ಉರಿಯುತ್ತಿತ್ತು. ಮೂಟೆಯ ಕೆಳಗೆ, ಒಲೆಯ ಒಳಗಿನ ಕೆಂಡದ ಹಾಗೆ, ಮಡ್‌ಗಾರ್ಡಿಗೆ ಸ್ವಲ್ಪ ಕೆಂಪು ಬಡಿಯುತ್ತಿತ್ತು. ಇಂಡಿಕೇಟರ್ ಎರಡೂ ಮೂಟೆಯ ಹೊಟ್ಟೆಯೊಳಗೆ. ನಂಬರ್ ಪ್ಲೇಟಂತೂ ಇಲ್ಲವೇ ಇಲ್ಲ.

ಎಷ್ಟು ವರ್ಷದಿಂದ ಹೀಗೆ ಹೋಗುತ್ತಿದ್ದೇನೆ ಅಂತ ಲೆಕ್ಕ ಹಾಕಿದೆ. ಹನ್ನೊಂದು.

ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರೋ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ನಾನು ಅವನಿಗೆ 30 ಮೀಟರ್ ಹತ್ತಿರ ಬಂದ ಮೇಲೆ ಕಂಡೆ ಅಂದರೆ, ನೋಡಿ, ಯೋಚಿಸಿ, ಕಾಲನ್ನು ಬ್ರೇಕಿಗೆ ಇಡೋ ಅಷ್ಟರಲ್ಲೇ ಆ ಮೂವತ್ತು ಮುಗಿದಿರುತ್ತದೆ. ನಾನೂ ಮುಂದಕ್ಕೆ ಹೋಗುತ್ತಿದ್ದೆ ಅನ್ನೋದಷ್ಟೇ ಉಳಿಸಿದ್ದು.

ಅವತ್ತು ಸಂಜೆ ಮನೆಯಲ್ಲಿ ಹೇಳಿದಾಗ ಹೆಂಡತಿ ಬೈಯಲಿಲ್ಲ. ಅದೇ ಭಯವಾಯಿತು. ಊಟ ಆದ ಮೇಲೆ, "ರೀ, ಬನ್ನಿ ನೋಡೋಣ" ಅಂದಳು. ಹುಲ್ಲು ತುಂಬಿದ ಮೂಟೆಯನ್ನು ಎಕ್ಸೆಲ್ ಮೇಲೆ ಕಟ್ಟಿ ಕೆರೆ ಏರಿಯ ಹತ್ತಿರ ನಿಲ್ಲಿಸಿದೆವು. ಅವಳು ತನ್ನ ಸ್ಕೂಟರ್ ತೆಗೆದುಕೊಂಡು ನೂರೈವತ್ತು ಹೆಜ್ಜೆ ಹಿಂದಕ್ಕೆ ಹೋಗಿ, ಹೆಡ್‌ಲೈಟ್ ಡಿಮ್‌ನಲ್ಲಿಟ್ಟು ಮೆಲ್ಲಗೆ ಬಂದಳು. ಕಂಡ ತಕ್ಷಣ ಹಾರನ್ ಮಾಡೋದು ಅಂತ ಒಪ್ಪಂದ. ಹಾರನ್ ಆದಲ್ಲಿಂದ ಹೆಜ್ಜೆ ಎಣಿಸಿದೆ. ನಲವತ್ತೆರಡು. ಅದೂ, "ಬೆಳ್ಳಗೆ ಏನೋ ಕಂಡ್ತು, ಯಾರೋ ರೋಡ್ ಪಕ್ಕ ಕಸ ಹಾಕಿದಾರೆ ಅಂದ್ಕೊಂಡೆ" ಅಂದಳು. ನಾನು ಎಲ್ಲಿರಬೇಕು ಅಂತ ಗೊತ್ತಿದ್ದೂ ಹೀಗೆ.

ನಾನು ಭಾನುವಾರ, ಸೋಮವಾರ ನಂದಿಯ ಭೋಗನಂದೀಶ್ವರ ದೇವಸ್ಥಾನದ ಹತ್ತಿರ ಹೂ ಮಾರೋ ನಮ್ಮ ಅತ್ತೆಗೆ ಒಂದು ಚೀಲ ಕೊಟ್ಟು ಬರುತ್ತೇನೆ. ಭಾನುವಾರ ಆ ದಾರಿಯಲ್ಲಿ ಬೆಂಗಳೂರಿನ ಸೈಕಲ್ಲಿನವರು ಸಾಲಾಗಿ ಬೆಟ್ಟಕ್ಕೆ ಹೋಗುತ್ತಿರುತ್ತಾರೆ. ಟೈಟ್ ಬಟ್ಟೆ, ಹೆಲ್ಮೆಟ್ಟು, ಸೀಟಿನ ಕೆಳಗೆ ಹೆಬ್ಬೆರಳಿನಷ್ಟು ಕೆಂಪು ಲೈಟು. ಮೊದಲೆಲ್ಲ ನೋಡಿ ನಗುತ್ತಿದ್ದೆ, ಸೈಕಲ್ಲಿಗೆ ಇಷ್ಟೊಂದು ಶೋಕಿ ಬೇಕಾ ಅಂತ. ಆ ಭಾನುವಾರ ನಗು ಬರಲಿಲ್ಲ. ಅರ್ಧ ಕಿಲೋಮೀಟರ್ ದೂರದಿಂದ ಆ ಚುಕ್ಕೆ ಕಾಣುತ್ತಿತ್ತು.

ಟೌನಿನ ಸೈಕಲ್ ಅಂಗಡಿಯಲ್ಲಿ ಅಂಥದ್ದೇ ಒಂದು ಕೊಂಡೆ. 220 ರೂಪಾಯಿ, ಮೊಬೈಲ್ ಚಾರ್ಜರಿನಲ್ಲಿ ಚಾರ್ಜ್ ಆಗುತ್ತದೆ. ಹಳೇ ಟ್ಯೂಬ್ ಕತ್ತರಿಸಿ ರಬ್ಬರ್ ಪಟ್ಟಿ ಮಾಡಿ ಮೂಟೆಯ ನೆತ್ತಿಗೇ ಕಟ್ಟಿದೆ. ಅಂಗಡಿಯವರು ಮಿಣಮಿಣ ಅನ್ನೋ ಮೋಡ್ ತೋರಿಸಿ, "ಇದೇ ಹಾಕ್ಕೊಳಿ ಸಾರ್, ಚೆನ್ನಾಗಿ ಕಾಣುತ್ತೆ" ಅಂದರು. ಕಾಣುತ್ತದೆ, ನಿಜ. ಆದರೆ ಮಂಜಿನಲ್ಲಿ ಮಿನುಗೋ ಲೈಟು ಎಷ್ಟು ದೂರದಲ್ಲಿದೆ ಅಂತ ಕಣ್ಣಿಗೆ ಅಳತೆ ಸಿಗುವುದಿಲ್ಲ. ಒಂದು ಸಲ ಇಲ್ಲಿ, ಕತ್ತಲು, ಮತ್ತೆ ಅಲ್ಲಿ. ಜರ್ಮನಿಯಲ್ಲಿ ಸೈಕಲ್ಲಿಗೆ ಮಿನುಗೋ ಲೈಟು ಹಾಕೋದಕ್ಕೆ ಕಾನೂನೇ ಬಿಡುವುದಿಲ್ಲ, ಒಂದೇ ಸಮ ಉರಿಯಬೇಕು. ನಾನು ಕತ್ತಲಲ್ಲಿ ಒಂದೇ ಸಮ ಉರಿಸುತ್ತೇನೆ. ಬೆಳಕು ಹರಿದ ಮೇಲೆ ಮಿನುಗಿಸುತ್ತೇನೆ, ಹಗಲಲ್ಲಿ ಅದೇ ಕಣ್ಣಿಗೆ ಬೀಳೋದು.

ಲೈಟಿನ ಚಾರ್ಜು ಒಂದಿನ ಮುಗಿದೇ ಮುಗಿಯುತ್ತದೆ, ಅದೂ ಸರಿಯಾಗಿ ಹಬ್ಬದ ದಿನವೇ. ಹಾಗಾಗಿ ಚಾರ್ಜು ಬೇಡದ್ದೊಂದು ಬೇಕಿತ್ತು. ರೇಡಿಯಂ. ಸ್ಟಿಕ್ಕರ್ ಅಂಗಡಿಗೆ ಹೋಗಿ ಕೇಳಿದರೆ ಹುಡುಗ, "ಏನ್ ಬರೀಲಿ ಅಣ್ಣ? ಅಮ್ಮನ ಆಶೀರ್ವಾದ?" ಅಂದ. ಏನೂ ಬರೀಬೇಡಪ್ಪ, ಬರೀ ಪಟ್ಟಿ ಕೊಡು ಅಂದೆ. ಅವನಿಗೆ ಸ್ವಲ್ಪ ಬೇಜಾರಾಯಿತು.

ನಾವೆಲ್ಲ ಅದಕ್ಕೆ ರೇಡಿಯಂ ಅನ್ನುತ್ತೇವೆ, ಅಲ್ವಾ. ಅದರಲ್ಲಿ ರೇಡಿಯಂ ಒಂದು ಚೂರೂ ಇಲ್ಲ. ಕ್ಯೂರಿ ದಂಪತಿ 1898ರಲ್ಲಿ ಕಂಡುಹಿಡಿದ ರೇಡಿಯಂ ಬೇರೆ. ಒಂದು ಕಾಲದಲ್ಲಿ ಗಡಿಯಾರದ ಮುಳ್ಳು ಕತ್ತಲಲ್ಲಿ ಹೊಳೆಯಲಿ ಅಂತ ಅದನ್ನು ಬಣ್ಣಕ್ಕೆ ಸೇರಿಸುತ್ತಿದ್ದರು. ಆ ಬಣ್ಣ ತಾನಾಗಿಯೇ ಹೊಳೆಯುತ್ತಿತ್ತು. ಸ್ಟಿಕ್ಕರ್ ಹಾಗಲ್ಲ. ಅದರೊಳಗೆ ಪುಡಿಯಂಥ ಗಾಜಿನ ಮಣಿಗಳೋ ಮೂರು ಮುಖದ ಸಣ್ಣ ಹರಳುಗಳೋ ಇರುತ್ತವೆ. ಎರಡು ಗೋಡೆ ಮತ್ತು ನೆಲ ಸೇರೋ ಮೂಲೆಗೆ ರಬ್ಬರ್ ಚೆಂಡು ಎಸೆದರೆ ಅಲ್ಲಿ ಇಲ್ಲಿ ಬಡಿದು ನಿಮ್ಮ ಕಡೆಗೇ ವಾಪಸ್ ಬರುತ್ತದಲ್ಲ, ಹಾಗೇ ಬೆಳಕು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತದೆ. ಹೆಡ್‌ಲೈಟಿನಿಂದ ಹೊರಟದ್ದು ಹೆಡ್‌ಲೈಟಿನ ಹತ್ತಿರ ಕೂತಿರೋ ಡ್ರೈವರಿನ ಕಣ್ಣಿಗೆ. ಪಕ್ಕದಲ್ಲಿ ನಿಂತವನಿಗೆ ಅದು ಸುಮ್ನೆ ಬೂದು ಪಟ್ಟಿ.

ಇದು ನನಗೆ ಪುಸ್ತಕದಿಂದ ಗೊತ್ತಾಗಿದ್ದಲ್ಲ. ರಾತ್ರಿ ತಲೆಗೆ ಟಾರ್ಚು ಕಟ್ಟಿಕೊಂಡು ಹೂ ಕೀಳುವಾಗ ಸಾಲಿನ ಬುಡದಲ್ಲಿ ಜೇಡದ ಕಣ್ಣು ಸೂಜಿಮೊನೆಯಷ್ಟು ಹೊಳೆಯುತ್ತದೆ. ಬದುವಿನ ಮೇಲೆ ಮಲಗಿದ ನಾಯಿಯ ಕಣ್ಣೂ ಅಷ್ಟೇ. ಅದೇ ಟಾರ್ಚನ್ನು ಬಿಚ್ಚಿ ಸೊಂಟದ ಹತ್ತಿರ ಹಿಡಿದರೆ ಜೇಡ ಮಾಯ. ಬೆಳಕು ಕಣ್ಣಿನ ಪಕ್ಕದಲ್ಲೇ ಇರಬೇಕು. ಇಂಗ್ಲೆಂಡಿನಲ್ಲಿ ಪರ್ಸಿ ಶಾ ಅನ್ನುವವರು ರಸ್ತೆ ಮಧ್ಯೆ ಹೂಳೋ ಹೊಳೆಯೋ ಬಟನ್ನುಗಳನ್ನು ಮಾಡಿ 1934ರಲ್ಲಿ ಪೇಟೆಂಟ್ ತೆಗೆದುಕೊಂಡರು. ಅದಕ್ಕೆ ಬೆಕ್ಕಿನ ಕಣ್ಣು ಅಂತಲೇ ಹೆಸರಿಟ್ಟರು. ನಮ್ಮ ತೋಟಕ್ಕೆ ಬಂದಿದ್ದರೆ ಜೇಡದ ಕಣ್ಣು ಅನ್ನುತ್ತಿದ್ದರೋ ಏನೋ.

ಇದರಿಂದ ಒಂದು ಉಪಯೋಗ ಆಯಿತು. ಸ್ಟಿಕ್ಕರ್ ಅಂಗಡಿಯಲ್ಲಿ ಹಗಲು ಹೊಳೆಯೋ ಬಣ್ಣದ ಪಟ್ಟಿಯನ್ನೂ ರೇಡಿಯಂ ಅಂತಲೇ ಕೊಡುತ್ತಾರೆ. ಮೊಬೈಲ್ ಟಾರ್ಚನ್ನು ಹಣೆಯ ಪಕ್ಕ ಹಿಡಿದು ನಾಲ್ಕು ಮಾರು ದೂರದಿಂದ ನೋಡಿ. ನಿಜವಾದದ್ದು ಬೆಂಕಿ ಹತ್ತಿದ ಹಾಗೆ ಉರಿಯುತ್ತದೆ. ಮೊದಲು ಕೊಟ್ಟ ಹಳದಿ ಪಟ್ಟಿ ಈ ಪರೀಕ್ಷೆಯಲ್ಲಿ ಸಪ್ಪೆ ಆಯಿತು. ಕೊನೆಗೆ ಲಾರಿಯ ಹಿಂದೆ ಅಂಟಿಸೋ, ಜೇನುಗೂಡಿನ ಗೆರೆಯ ಕೆಂಪು ಬಿಳಿ ಪಟ್ಟಿ 3 ಮೀಟರ್ ತಂದೆ. ಹೆಂಡತಿ ಹಳೇ ಟಾರ್ಪಾಲಿನ ತುಂಡಿಗೆ ಅದನ್ನು ಅಂಟಿಸಿ ಅಂಚಿಗೆ ಹೊಲಿಗೆ ಹಾಕಿದಳು. ಮೂಟೆ ಕಟ್ಟಿದ ಮೇಲೆ ಶಲ್ಯ ಹೊದಿಸಿದ ಹಾಗೆ ಅದರ ಬೆನ್ನಿಗೆ ಹೊದಿಸಿ ಕೊಕ್ಕೆ ಹಾಕೋದು. ಮಣ್ಣು ಮೆತ್ತಿದರೆ ಹೊಳೆಯುವುದಿಲ್ಲ, ವಾರಕ್ಕೊಂದು ಸಲ ಒದ್ದೆ ಬಟ್ಟೆಯಲ್ಲಿ ಒರೆಸಬೇಕು ಅಷ್ಟೇ.

ಮತ್ತೆ ಕೆರೆ ಏರಿಗೆ ಹೋದೆವು. ಈ ಸಲ ಹಾರನ್ ಅವಳು ಹೊರಟ ಜಾಗದಲ್ಲೇ ಆಯಿತು. ನೂರೈವತ್ತು ಹೆಜ್ಜೆಗಿಂತ ಆಚೆ ಹೋಗಿ ನೋಡೋಣ ಅಂದರೆ ರೋಡು ತಿರುಗಿಬಿಡುತ್ತದೆ.

ಮಗ ಒಂಬತ್ತನೇ ಕ್ಲಾಸು, ಸೈಕಲ್ಲಿನಲ್ಲಿ ಟ್ಯೂಷನ್ನಿಗೆ ಹೋಗುತ್ತಾನೆ, ವಾಪಸ್ ಬರೋದು ಏಳೂವರೆಗೆ. ಅವನ ಸೈಕಲ್ಲಿನ ಪೆಡಲಿನಲ್ಲಿ ಹಳದಿ ರಿಫ್ಲೆಕ್ಟರ್ ಇದೆ. ಮಿಕ್ಕ ಪಟ್ಟಿಯನ್ನು ಎಲಾಸ್ಟಿಕ್ಕಿಗೆ ಹೊಲಿದು ಅವನ ಕಣಕಾಲಿಗೆ ಹಾಕಿದೆವು. ಸ್ವೀಡನ್ನಿನ ಗುನ್ನಾರ್ ಯೋಹಾನ್ಸನ್ ಅನ್ನೋ ಮನಃಶಾಸ್ತ್ರಜ್ಞರು 1973ರಲ್ಲಿ ಒಂದು ವಿಷಯ ತೋರಿಸಿದರು. ಕತ್ತಲಲ್ಲಿ ಕೈಕಾಲಿನ ಕೀಲುಗಳಲ್ಲಿ ಮಾತ್ರ ಚುಕ್ಕೆ ಬೆಳಕು ಕಾಣಿಸಿದರೂ, ಅವು ಆಡೋ ರೀತಿಯಿಂದಲೇ ಅದು ಮನುಷ್ಯ ಅಂತ ಕಣ್ಣು ಥಟ್ಟನೆ ಹಿಡಿಯುತ್ತದೆ. ಕಣಕಾಲಿನ ಪಟ್ಟಿ ಮೇಲೆ ಕೆಳಗೆ, ಮೇಲೆ ಕೆಳಗೆ ಆಡುತ್ತಿದ್ದರೆ ಯಾರೂ ಅದನ್ನು ಕಸದ ಗುಡ್ಡೆ ಅಂದುಕೊಳ್ಳುವುದಿಲ್ಲ. ಮಗನಿಗೆ ಮಾತ್ರ ನಾಚಿಕೆ. ಟ್ಯೂಷನ್ ಹತ್ತಿರ ಬಂದಾಗ ಬಿಚ್ಚಿ ಜೇಬಿಗೆ ಹಾಕಿಕೊಳ್ಳುತ್ತಾನೆ ಅಂತ ಗೊತ್ತು. ವಾಪಸ್ ಬರುವಾಗ ಹಾಕಿಕೊಂಡರೆ ಸಾಕು ಅಂತ ಸುಮ್ಮನಿದ್ದೇನೆ.

ನಮ್ಮ ಪಕ್ಕದ ತೋಟದ ಮಾವ ಇದನ್ನೆಲ್ಲ ನೋಡಿ ತಾವೇ ಒಂದು ಉಪಾಯ ಮಾಡಿದರು. ಹೂ ಕೀಳೋ ತಲೆ ಟಾರ್ಚನ್ನು ಹಿಂದುಮುಂದಾಗಿ ಕಟ್ಟಿಕೊಂಡು ಗಾಡಿ ಹೊಡೆದರು. ಅವರ ಹಿಂದೆ ನಾನಿದ್ದೆ. ಎದುರಿಗೆ ಯಾರೋ ನನ್ನ ಕಡೆಗೇ ಬರುತ್ತಿದ್ದಾರೆ ಅಂದುಕೊಂಡು ಎಡಕ್ಕೆ ಸರಿದೆ. ನೋಡಿದರೆ ಆ ಲೈಟು ದೂರ ಹೋಗುತ್ತಿದೆ! ಮುಂದೆ ಬಿಳಿ, ಹಿಂದೆ ಕೆಂಪು ಅಂತ ಇಟ್ಟಿರೋದು ಇದಕ್ಕೇ. ಗಾಡಿ ಬರುತ್ತಿದೆಯೋ ಹೋಗುತ್ತಿದೆಯೋ ಬಣ್ಣ ನೋಡಿದರೆ ತಿಳಿಯಬೇಕು. "ಮಾವ, ಅದಕ್ಕೊಂದು ಕೆಂಪು ಪ್ಲಾಸ್ಟಿಕ್ ಕವರ್ ಆದ್ರೂ ಕಟ್ಟಿ" ಅಂದೆ. ಕಟ್ಟಿಕೊಂಡರು. ಜಾತ್ರೆಯ ಲಾಟೀನಿನ ಹಾಗೆ ಕಾಣುತ್ತಾರೆ, ಆದರೂ ಕಾಣುತ್ತಾರೆ.

ಹೆಡ್‌ಲೈಟಿನ ಬಗ್ಗೆ ಜಾಸ್ತಿ ಹೇಳೋದಿಲ್ಲ. ಎಲ್ಲರೂ ದುಡ್ಡು ಹಾಕೋದು ಅದಕ್ಕೇ. 2017ರ ಏಪ್ರಿಲ್ 1ರಿಂದ ಬಂದ ಹೊಸ ಟೂ ವೀಲರ್ ಗಾಡಿಗಳಲ್ಲಿ ಇಂಜಿನ್ ಶುರು ಮಾಡಿದರೆ ಹೆಡ್‌ಲೈಟ್ ತಾನಾಗೇ ಉರಿಯುತ್ತದೆ, ಆರಿಸೋ ಸ್ವಿಚ್ಚೇ ಇಲ್ಲ. ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಎದುರಿಗೆ ಸುಣ್ಣ ಬಳಿದ ಗೋಡೆ ಎದ್ದು ನಿಲ್ಲುತ್ತದೆ, ಡಿಮ್ಮೇ ಸರಿ.

ಇಂಡಿಕೇಟರ್ ವಿಷಯ ಇನ್ನೂ ಬಗೆಹರಿದಿಲ್ಲ. ಅಪ್ಪ ಬಲಕ್ಕೆ ತಿರುಗುವಾಗ ಬಲಗಾಲು ಚಾಚುತ್ತಾರೆ, ಅವರ ಕಾಲದ ಸಿಗ್ನಲ್ ಅದು. ಲೋಡ್ ಇರುವಾಗ ಕೈ ಬಿಡೋಕೆ ಆಗುವುದಿಲ್ಲವಲ್ಲ. ಕತ್ತಲಲ್ಲಿ ಆ ಕಾಲನ್ನು ನೋಡೋರು ಯಾರು? ಮೆಕ್ಯಾನಿಕ್ ಹತ್ತಿರ ಇಂಡಿಕೇಟರನ್ನು ಹೊರಕ್ಕೆ ಚಾಚಿಸೋಣ, ಅದಕ್ಕೆ ಎಲ್ಇಡಿ ಬಲ್ಬ್ ಹಾಕೋಣ ಅಂದೆ. "ಬರೀ ಬಲ್ಬ್ ಬದಲಾಯಿಸಿದ್ರೆ ಟಕಟಕ ಅಂತ ಹುಚ್ಚು ಹಿಡಿದಂಗೆ ಹೊಡ್ಕೊಳ್ಳುತ್ತೆ ಸಾರ್, ಫ್ಲಾಶರೂ ಬದಲಾಯಿಸ್ಬೇಕು" ಅಂದ. ಫ್ಲಾಶರ್ ಅಂದರೆ ಇಂಡಿಕೇಟರನ್ನು ಮಿನುಗಿಸೋ ಸಣ್ಣ ಡಬ್ಬಿ. ಎಲ್ಇಡಿ ಎಳೆಯೋ ಕರೆಂಟು ಕಡಿಮೆ. ಹಳೇ ಫ್ಲಾಶರ್ ಅದನ್ನು ನೋಡಿ ಬಲ್ಬ್ ಹೋಗಿದೆ ಅಂದುಕೊಳ್ಳುತ್ತದಂತೆ. ಇಂಡಿಕೇಟರ್ ನಿಮಿಷಕ್ಕೆ 60ರಿಂದ 120 ಸಲ ಮಿನುಗಬೇಕು ಅನ್ನೋದು ಲೆಕ್ಕ.

ಬ್ರೇಕ್ ಲೈಟು ಈಗಲೂ ಮೂಟೆಯ ಕೆಳಗೇ ಇದೆ. ಮೇಲಿನ ಕೆಂಪು ಚುಕ್ಕೆಗೆ ನಾನು ಬ್ರೇಕ್ ಹಿಡಿದದ್ದು ಗೊತ್ತಾಗುವುದಿಲ್ಲ. ಕ್ಯಾರಿಯರಿನ ಹಿಂದೆ ಒಂದು ಕಬ್ಬಿಣದ ಪಟ್ಟಿ ವೆಲ್ಡ್ ಮಾಡಿಸಿ, ಇಡೀ ಟೈಲ್ ಲ್ಯಾಂಪನ್ನೇ ಮೂಟೆಯಿಂದ ಆಚೆಗೆ ತರಬಹುದು ಅಂತ ಮೆಕ್ಯಾನಿಕ್ ಹೇಳಿದ್ದಾನೆ. ಭಾನುವಾರ ಮಧ್ಯಾಹ್ನ ಬಾ ಅಂದಿದ್ದಾನೆ. ಎರಡು ಮೀಟರ್ ವೈರು ತಂದಿಟ್ಟಿದ್ದೇನೆ. ಹೆಂಡತಿ ಈಗ ಪಕ್ಕದ ಮಾವನಿಗೂ ಒಂದು ಪಟ್ಟಿ ಹೊಲಿಯುತ್ತಿದ್ದಾಳೆ, ಮಿಷಿನ್ ಸೂಜಿ ಎರಡು ಮುರಿದಿದೆ.