ಬ್ರೇಕಿಗೆ ಸಿಗದೆ ಹೋಗುವ ಆ ಅರ್ಧ ಸೆಕೆಂಡು

ಗಂಟೆಗೆ 60 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ದಾಟಿರುತ್ತದೆ. ಮುಂದೆ ಮಗುವೊಂದು ರಸ್ತೆಗೆ ಓಡಿ ಬಂತು ಅಂದುಕೊಳ್ಳಿ. ಅದು ಕಣ್ಣಿಗೆ ಬಿದ್ದು, ಏನೆಂದು ತಿಳಿದು, ಕಾಲು ಆಕ್ಸಿಲರೇಟರ್ ಬಿಟ್ಟು ಬ್ರೇಕಿನ ಮೇಲೆ ಬರಲು ಎಚ್ಚರವಾಗಿರುವ ಚಾಲಕನಿಗೂ ಹೆಚ್ಚುಕಡಿಮೆ ಒಂದು ಸೆಕೆಂಡು ಬೇಕು. ಅಲ್ಲಿಗೆ 17 ಮೀಟರ್ ಹೋಯಿತು. ಒಣ ರಸ್ತೆ, ಒಳ್ಳೆಯ ಟೈರು ಇದ್ದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಇನ್ನೂ 20 ಮೀಟರ್. ಒಟ್ಟು 37. ಮಗು ಅಷ್ಟು ದೂರದಲ್ಲಿದ್ದರೆ ಉಳಿಯಿತು.

ಈಗ ಅದೇ ಚಾಲಕ ಬರೀ ಅರ್ಧ ಸೆಕೆಂಡು ತಡ ಮಾಡಿದ. ಎಂಟು ಮೀಟರ್ ಸಾಲದೆ ಬಂತು. ಎಂಟು ಮೀಟರಿಗೇನು, ಅಷ್ಟರಲ್ಲಿ ವೇಗ ಇಳಿದಿರುತ್ತದಲ್ಲ ಅನಿಸುತ್ತದೆ. ಲೆಕ್ಕ ಹಾಕಿದರೆ ಮಗುವಿಗೆ ತಾಗುವ ಹೊತ್ತಿನಲ್ಲಿ ಗಾಡಿ ಇನ್ನೂ ಸುಮಾರು 39 ಕಿಲೋಮೀಟರ್ ವೇಗದಲ್ಲಿರುತ್ತದೆ. ಬ್ರೇಕ್ ಹಿಡಿದ ಆರಂಭದಲ್ಲಿ ಗಾಡಿ ಜೋರಾಗಿ ಓಡುತ್ತಿರುವುದರಿಂದ ದೂರ ಬೇಗ ಮುಗಿಯುತ್ತದೆ, ವೇಗ ಮಾತ್ರ ಅಷ್ಟು ಬೇಗ ಕರಗುವುದಿಲ್ಲ. ಹೆಚ್ಚಿನ ವೇಗ ಕರಗುವುದು ಕೊನೆಯ ಕೆಲವು ಮೀಟರುಗಳಲ್ಲೇ. ಕುಡಿತವಾಗಲಿ ಫೋನಾಗಲಿ ಮೊದಲು ಕಿತ್ತುಕೊಳ್ಳುವುದು ಈ ಅರ್ಧ ಸೆಕೆಂಡನ್ನು, ಮತ್ತು ಕಿತ್ತುಕೊಂಡದ್ದು ಓಡಿಸುವವನಿಗೆ ಗೊತ್ತೇ ಆಗುವುದಿಲ್ಲ.

ಯಾಕೆ ಗೊತ್ತಾಗುವುದಿಲ್ಲ ಎಂಬುದೇ ಕುಡಿತದ ವಿಷಯದಲ್ಲಿ ಮುಖ್ಯ. ಕೈಕಾಲು ತಡವರಿಸುವುದಕ್ಕೆ ಎಷ್ಟೋ ಮೊದಲೇ ಮದ್ಯ ತನ್ನನ್ನು ತಾನು ಅಳೆದುಕೊಳ್ಳುವ ಬುದ್ಧಿಯನ್ನು ಮಂಕು ಮಾಡುತ್ತದೆ. ‘ನಾನು ಸರಿಯಾಗೇ ಇದ್ದೀನಿ’ ಎಂದು ಹೇಳುವುದು ಅದಾಗಲೇ ಮಂಕಾದ ಆ ಬುದ್ಧಿಯೇ. ಇನ್ನೂ ಅಪಾಯದ ಘಟ್ಟ ಇಳಿಯುವ ಹೊತ್ತು. ಅಮಲು ಇಳಿಯುವಾಗ, ಏರುವಾಗ ಇದ್ದಷ್ಟೇ ಮದ್ಯ ರಕ್ತದಲ್ಲಿದ್ದರೂ, ಮನುಷ್ಯನಿಗೆ ತಾನು ಪೂರ್ತಿ ಹಗುರಾದೆ ಅನಿಸುತ್ತದೆ. ಕೀಲಿಗೆ ಕೈ ಹಾಕುವುದು ಆಗಲೇ.

ಆದ್ದರಿಂದ ಅನಿಸಿಕೆ ಬಿಟ್ಟು ಗಡಿಯಾರ ನೋಡಬೇಕು. 42.8% ಮದ್ಯವಿರುವ ವಿಸ್ಕಿ ಅಥವಾ ರಮ್ಮಿನ 30 ಮಿಲಿ ಪೆಗ್ಗಿನಲ್ಲಿ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. 8% ಬಿಯರಿನ 650 ಮಿಲಿ ಬಾಟಲಿಯಲ್ಲಿ 41 ಗ್ರಾಂ, ಅಂದರೆ ನಾಲ್ಕು ಪೆಗ್. ‘ಬರೀ ಒಂದು ಬಿಯರ್’ ಅನ್ನುವವರು ಇದನ್ನು ಗಮನಿಸಬೇಕು. 70 ಕಿಲೋ ತೂಕದ ಗಂಡಸಿಗೆ 40 ಗ್ರಾಂ ಒಳಗೆ ಹೋದರೆ 100 ಮಿಲಿ ರಕ್ತದಲ್ಲಿ ಸುಮಾರು 85 ಮಿಲಿಗ್ರಾಂವರೆಗೆ ಏರಬಹುದು. ಅಷ್ಟೇ ತೂಕದ ಹೆಂಗಸಿನ ಮೈಯಲ್ಲಿ ನೀರಿನಂಶ ಕಡಿಮೆ, ಹಾಗಾಗಿ ಇನ್ನೂ ಮೇಲೆ. ಸಾಮಾನ್ಯ ಚಾಲಕರಿಗೆ 50, ಹೊಸಬರಿಗೆ 20 ಮಿಲಿಗ್ರಾಂ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಕಾನೂನಿನ ಮಿತಿ ದೇಶದಿಂದ ದೇಶಕ್ಕೆ ಬೇರೆ.

ಇಳಿಯುವ ವೇಗ ಗಂಟೆಗೆ ಸುಮಾರು 15 ಮಿಲಿಗ್ರಾಂ. ಕೆಲವರಿಗೆ 10, ಕೆಲವರಿಗೆ 20. ಪಿತ್ತಜನಕಾಂಗ ತನ್ನ ಪಾಡಿಗೆ ಆ ಕೆಲಸ ಮಾಡುತ್ತದೆ, ಯಾರ ಅವಸರಕ್ಕೂ ಬಗ್ಗುವುದಿಲ್ಲ. ಕಡಕ್ ಕಾಫಿ ನಿದ್ದೆ ಓಡಿಸೀತು, ಮದ್ಯವನ್ನಲ್ಲ. ತಣ್ಣೀರು ಸ್ನಾನ, ಮಜ್ಜಿಗೆ, ನಿಂಬೆರಸ ಯಾವುದೂ ಈ ಅಂಕಿಯನ್ನು ಕದಲಿಸುವುದಿಲ್ಲ. ಹೊಟ್ಟೆ ತುಂಬ ಉಂಡು ಕುಡಿದರೆ ಏರುವುದು ನಿಧಾನವಾಗುತ್ತದೆ. ಏರಿದ್ದು ಇಳಿಯಲು ಬೇಕಾದ ಹೊತ್ತು ಬೇಕೇ ಬೇಕು. ಏಲಕ್ಕಿ, ಪುದೀನ ಅಗಿದರೆ ಬಾಯಿಯ ವಾಸನೆ ಮರೆಯಾಗಬಹುದು, ಆದರೆ ಉಪಕರಣ ಅಳೆಯುವುದು ಶ್ವಾಸಕೋಶದ ಆಳದಿಂದ ಬರುವ ಉಸಿರನ್ನು.

ಇದರಿಂದಲೇ ಮರುದಿನ ಬೆಳಗಿನ ಗಂಡಾಂತರ. ರಾತ್ರಿ 9ರಿಂದ 12ರವರೆಗೆ ಎಂಟು ಪೆಗ್ ಕುಡಿದ ಅದೇ 70 ಕಿಲೋ ಮನುಷ್ಯ ಬೆಳಿಗ್ಗೆ 6ಕ್ಕೆ ಮುಖ ತೊಳೆದು ಹೊರಟರೆ ರಕ್ತದಲ್ಲಿ ಇನ್ನೂ ಸುಮಾರು 35 ಮಿಲಿಗ್ರಾಂ ಉಳಿದಿರುತ್ತದೆ. ನಿಧಾನವಾಗಿ ಇಳಿಯುವ ಮೈಯಾದರೆ 80. ಅದರ ಜೊತೆಗೆ ನಿದ್ದೆಗೇಡು. 17 ಗಂಟೆ ಎಚ್ಚರವಿದ್ದವರ ಕೈಚಳಕ 50 ಮಿಲಿಗ್ರಾಂ ಮದ್ಯ ಇದ್ದವರಷ್ಟೇ ಕುಂದಿರುತ್ತದೆ ಎಂದು 1997ರಲ್ಲೇ ಪ್ರಯೋಗದಿಂದ ತೋರಿಸಿದ್ದಾರೆ. ನೆಗಡಿ, ಅಲರ್ಜಿಗೆ ನುಂಗುವ ಮಂಪರು ತರುವ ಮಾತ್ರೆಯೂ ಸೇರಿದರೆ ಕೇಳುವುದೇ ಬೇಡ.

ಫೋನಿನ ವಿಷಯದಲ್ಲಿ ಜನ ಮೋಸಹೋಗುವುದು ಬೇರೆ ಕಡೆ. ಮೆಸೇಜ್ ಓದುವುದು ತಪ್ಪು ಅಂತ ಎಲ್ಲರಿಗೂ ಗೊತ್ತು: 90 ಕಿಲೋಮೀಟರ್ ವೇಗದಲ್ಲಿ ಐದು ಸೆಕೆಂಡು ಕಣ್ಣು ತಗ್ಗಿಸಿದರೆ 125 ಮೀಟರ್ ಕುರುಡಾಗಿ ಹೋದ ಹಾಗೆ. ಆದರೆ ಕಿವಿಗೆ ಬ್ಲೂಟೂತ್ ಹಾಕಿಕೊಂಡರೆ ಸುರಕ್ಷಿತ ಎಂಬ ನಂಬಿಕೆಗೆ ಆಧಾರವಿಲ್ಲ. ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಸಿಮ್ಯುಲೇಟರ್ ಪ್ರಯೋಗದಲ್ಲಿ ಫೋನ್ ಕೈಯಲ್ಲಿ ಹಿಡಿದವರಿಗೂ ಹ್ಯಾಂಡ್ಸ್‌ಫ್ರೀ ಬಳಸಿದವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಇಬ್ಬರೂ ತಡವಾಗಿ ಬ್ರೇಕ್ ಹಿಡಿದರು. ಕಣ್ಣು ರಸ್ತೆಯ ಮೇಲೇ ಇರುತ್ತದೆ, ಕಂಡದ್ದು ಮನಸ್ಸಿಗೆ ಇಳಿಯುವುದಿಲ್ಲ. ಪಕ್ಕದಲ್ಲಿ ಕೂತವರ ಜೊತೆ ಮಾತು ಬೇರೆ: ತಿರುವು ಬಂದಾಗ ಅವರೂ ನೋಡುತ್ತಾರೆ, ಮಾತು ನಿಲ್ಲಿಸುತ್ತಾರೆ. ಆ ಕಡೆ ಫೋನಿನಲ್ಲಿರುವವರಿಗೆ ಲಾರಿ ಕಾಣುವುದಿಲ್ಲ.

ಅದೇ ತಂಡ 2015ರಲ್ಲಿ ಇನ್ನೊಂದನ್ನು ತೋರಿಸಿತು. ಕರೆ ಮಾಡಲೋ ಹಾಡು ಬದಲಿಸಲೋ ಕಾರಿನ ವ್ಯವಸ್ಥೆಗೆ ಧ್ವನಿಯಲ್ಲಿ ಆಜ್ಞೆ ಕೊಟ್ಟು ಮುಗಿಸಿದ ಮೇಲೂ, ಆ ವ್ಯವಸ್ಥೆ ಗೋಜಲಿನದಾದರೆ 27 ಸೆಕೆಂಡಿನವರೆಗೆ ಗಮನ ಪೂರ್ತಿ ಮರಳುವುದಿಲ್ಲ. 40 ಕಿಲೋಮೀಟರ್ ವೇಗದಲ್ಲಿ ಅದು 300 ಮೀಟರ್. ಕೆಂಪು ದೀಪದಲ್ಲಿ ನಿಂತು ಫೋನ್ ನೋಡುವುದು ತಪ್ಪಲ್ಲ ಅನ್ನುವವರಿಗೆ ಇದೇ ಉತ್ತರ. ಹಸಿರು ಬಂತೆಂದು ಹೊರಡುವಾಗ ರಸ್ತೆ ದಾಟುತ್ತಿರುವ ಮುದುಕರು ಅವರ ಮನಸ್ಸಿನ ಚಿತ್ರದಲ್ಲಿ ಇರುವುದೇ ಇಲ್ಲ.

ಬೈಕು, ಸ್ಕೂಟರಿನಲ್ಲಿ ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಒತ್ತಿಕೊಂಡರೆ ಕತ್ತು ಓರೆಯಾಗಿ ಒಂದು ಬದಿಯ ಕನ್ನಡಿ ಕೆಲಸಕ್ಕೆ ಬರುವುದಿಲ್ಲ. ಗಾಬರಿಯಲ್ಲಿ ಮುಂದಿನ ಬ್ರೇಕ್ ಒಮ್ಮೆಲೇ ಹಿಂಡಿದರೆ, ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಇಲ್ಲದ ಗಾಡಿಯಲ್ಲಿ ಚಕ್ರ ಕಚ್ಚಿಕೊಂಡು ಜಾರುತ್ತದೆ.

ಮಾಡಬೇಕಾದದ್ದೆಲ್ಲ ಗಾಡಿ ಹೊರಡುವ ಮೊದಲೇ. ಮ್ಯಾಪಿನಲ್ಲಿ ದಾರಿ ಹಾಕಿ ಧ್ವನಿ ಜೋರು ಮಾಡಿ. ಫೋನಿನ ಡ್ರೈವಿಂಗ್ ಮೋಡ್ ಆನ್ ಮಾಡಿ, ‘ಓಡಿಸುತ್ತಿದ್ದೇನೆ’ ಎಂಬ ಉತ್ತರ ತಾನಾಗಿ ಹೋಗುವಂತೆ ಇಡಿ. ಕನ್ನಡಿ, ಸೀಟು, ಹಾಡು ಆಗಲೇ ಸರಿಮಾಡಿಕೊಳ್ಳಿ. ಆಮೇಲೆ ಫೋನ್ ಕೈಗೆ ಸಿಗದ ಜಾಗಕ್ಕೆ, ಹಿಂದಿನ ಸೀಟಿನ ಚೀಲಕ್ಕೆ ಹೋಗಲಿ. ತುರ್ತು ಕರೆಯಾದರೆ ಇಂಡಿಕೇಟರ್ ಹಾಕಿ ರಸ್ತೆಯಿಂದ ಪೂರ್ತಿ ಕೆಳಗಿಳಿದು ನಿಲ್ಲಿಸಿ. ಕುಡಿಯುವ ಯೋಚನೆ ಇದ್ದರೆ ಗಾಡಿ ಮನೆಯಲ್ಲೇ ಬಿಡಿ. ಎರಡು ಗ್ಲಾಸ್ ಆದ ಮೇಲೆ ತೆಗೆದುಕೊಳ್ಳುವ ತೀರ್ಮಾನ ನಿಮ್ಮದಾಗಿರುವುದಿಲ್ಲ. ಜೊತೆಯಲ್ಲಿ ಓಡಿಸುವವರೊಬ್ಬರು ಇದ್ದಾರೆಂದರೆ ಅವರು ಒಂದು ಗುಟುಕೂ ಕುಡಿಯದವರಾಗಿರಬೇಕು, ‘ಎಲ್ಲರಿಗಿಂತ ಕಡಿಮೆ ಕುಡಿದವರು’ ಆದರೆ ಸಾಲದು. ಇನ್ನು ನೀವು ಯಾರಿಗಾದರೂ ಫೋನ್ ಮಾಡಿದಾಗ ಹಿನ್ನೆಲೆಯಲ್ಲಿ ಹಾರನ್ ಕೇಳಿದರೆ, ‘ಆಮೇಲೆ ಮಾತಾಡೋಣ’ ಎಂದು ನೀವೇ ಮೊದಲು ಇಟ್ಟುಬಿಡಿ. ಓಡಿಸುತ್ತಿರುವವರು ಸಂಕೋಚಕ್ಕೆ ಇಡುವುದಿಲ್ಲ.